ಹಳೆಯ ಫೋಟೋದಿಂದ ಕಾರಿನ ಮಾದರಿ ವರ್ಷವನ್ನು ಗುರುತಿಸುವುದು ಹೇಗೆ?

ಮೊದಲು ಫೋಟೋವನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ, ರೇಡಿಯೇಟರ್, ಹೆಡ್‌ಲೈಟ್, ಚಕ್ರ ಮತ್ತು ಗಾಜುಗಳನ್ನು ಹಿಗ್ಗಿಸಿ ನೋಡಬೇಕು. ತಯಾರಕರು ಆಗಾಗ ಬದಲಿಸುತ್ತಿದ್ದುದು ಹೆಚ್ಚಾಗಿ ಇಂತಹ ಭಾಗಗಳನ್ನೇ. 1916ರವರೆಗಿನ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ರೇಡಿಯೇಟರ್ ಹಿತ್ತಾಳೆಯದಾಗಿದ್ದರೆ, 1917ರ ಮಾದರಿಯಿಂದ ಅದಕ್ಕೆ ಕಪ್ಪು ಕವಚ ಬಂದಿತು. ಫೋಕ್ಸ್‌ವ್ಯಾಗನ್ ಬೀಟಲ್ ಆಗಿದ್ದು, ಅದರ ಹಿಂಭಾಗ ಕಾಣುವಂತಿದ್ದರೆ ಕೆಲಸ ಇನ್ನೂ ಸುಲಭ: ನಡುವೆ ಪಟ್ಟಿಯಿದ್ದು ಎರಡಾಗಿ ಕಾಣುವ ಹಿಂಬದಿ ಗಾಜು 1953ರ ಆರಂಭದವರೆಗಿನದು, ಅಂಡಾಕಾರದ ಒಂದೇ ಗಾಜು ಅಲ್ಲಿಂದ 1957ರವರೆಗಿನದು, ದೊಡ್ಡ ಆಯತಾಕಾರದ್ದು ಅದಕ್ಕೂ ಈಚಿನದು. ಆದರೆ ಮಾಲೀಕರು ಹಳೆಯ ಕಾರಿಗೆ ಹೊಸ ಬಂಪರ್, ದೀಪಗಳನ್ನು ಹಾಕಿಸಿಕೊಳ್ಳುತ್ತಿದ್ದುದರಿಂದ ಒಂದೇ ಸುಳಿವನ್ನು ನೆಚ್ಚಬಾರದು. ಫೋಟೋದ ಹಿಂದೆ ಬರೆದ ದಿನಾಂಕ ನಂಬುವಂತಿದ್ದರೂ, ಕಾರು ಅದಕ್ಕಿಂತ ಎಷ್ಟೋ ವರ್ಷ ಹಳೆಯದಾಗಿರಬಹುದು.