ಹವ್ಯಾಸಿ ಪತ್ತೇದಾರರ ಕಾದಂಬರಿಗಳನ್ನು ಸೂಚಿಸುವ ಬಗೆ

ವಿಜಯಪುರದ ನಮ್ಮ ಓಣಿಯಲ್ಲಿ ಯಾರಾದರೂ ಹೊಸ ಪತ್ತೇದಾರಿ ಕಾದಂಬರಿ ಕೇಳಿದರೆ, ಅವರು ಈಚೆಗೆ ಮೆಚ್ಚಿ ಓದಿದ್ದು ಯಾವುದು, ರಕ್ತಪಾತದ ವರ್ಣನೆಯನ್ನು ಎಷ್ಟು ಸಹಿಸಬಲ್ಲರು ಎಂಬುದನ್ನು ನಾನು ಮೊದಲು ವಿಚಾರಿಸುತ್ತೇನೆ. ಪೊಲೀಸನಲ್ಲದ ವ್ಯಕ್ತಿಗೆ ಸುಳಿವುಗಳು ಸಹಜವಾಗಿ ದೊರೆಯುತ್ತವೆಯೇ ಎಂಬುದೇ ಮುಖ್ಯವಾದ ಒರೆಗಲ್ಲು. ಅಗಾಥಾ ಕ್ರಿಸ್ಟಿಯವರ 1930ರ ಕಾದಂಬರಿ ‘ದಿ ಮರ್ಡರ್ ಅಟ್ ದಿ ವಿಕರೇಜ್’ನಲ್ಲಿ ಮಿಸ್ ಮಾರ್ಪಲ್ ಎಂಬ ಹಳ್ಳಿಯ ವೃದ್ಧೆ ತೋಟದ ಕೆಲಸದ ನೆಪದಲ್ಲಿಯೇ ಊರವರ ಓಡಾಟವನ್ನೆಲ್ಲ ಗಮನಿಸುತ್ತಾಳೆ. ಅಂಥದ್ದನ್ನು ಮೆಚ್ಚಿದವರಿಗೆ, ನಿವೃತ್ತರ ವಸತಿಯ ನಾಲ್ವರು ವಾರಕ್ಕೊಮ್ಮೆ ಕೂಡಿ ಬಗೆಹರಿಯದ ಹಳೆಯ ಕೊಲೆಗಳನ್ನು ಚರ್ಚಿಸುವ, ರಿಚರ್ಡ್ ಓಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ಕೊಡಬಹುದು. ನೆರೆಮನೆಯ ನಿವೃತ್ತ ಮಾಸ್ತರರು ಅದನ್ನು ಎರಡೇ ದಿನಗಳಲ್ಲಿ ಮುಗಿಸಿ, ಪುಟದಂಚಿನಲ್ಲಿ ಪೆನ್ಸಿಲಿನಿಂದ ತಮ್ಮ ಸಂಶಯಗಳನ್ನು ಬರೆದು ಮರಳಿಸಿದರು. ಸರಣಿಯಾದರೆ ಮೊದಲ ಪುಸ್ತಕವನ್ನೇ ಕೊಡಿರಿ. ಕೊಲೆಗಾರನ ಬಗ್ಗೆ ಮಾತ್ರ ಬಾಯಿ ಬಿಡಬೇಡಿರಿ.