ಎಸ್ಟೇಟಿನ ಔಷಧಿ ಕಪಾಟಿಗೆ ಪುಸ್ತಕ ಆರಿಸಿದ್ದು: ನನ್ನ ಅನುಭವ

ಹೆಬ್ಬಾಳೆ ಸೇತುವೆ ಮೇಲೆ ಭದ್ರಾ ಹರಿದರೆ ಹೊರನಾಡು ಕಡೆಯ ನಾವು ಆಸ್ಪತ್ರೆಗೆ ಅಂತ ಕಳಸಕ್ಕೆ ಸುತ್ತು ಹಾಕಿ ಹೋಗಬೇಕು. ಸುತ್ತಿನ ದಾರಿಗೂ ಮರ ಬಿದ್ದರೆ ಮುಗೀತು. ಕರೆಂಟ್ ಹೋಗಿ ಟವರ್ ಸತ್ತಮೇಲೆ 108ಕ್ಕೆ ಫೋನ್ ಮಾಡೋದು ಎಲ್ಲಿಂದ? 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನ ದಾರಿಯೂ ಬಂದ್ ಆಯಿತಲ್ಲ, ಆಗಲೇ ನಾನು ವೈದ್ಯಕೀಯ ಪುಸ್ತಕ ಹುಡುಕಲು ಶುರು ಮಾಡಿದ್ದು. ಭಾವ ನಕ್ಕ. 'ಪುಸ್ತಕ ಓದಿ ಡಾಕ್ಟರ್ ಆಗ್ತೀಯಾ?' ಪಕ್ಕದ ತೋಟದವರು 'ಗೂಗಲ್ ಇದೆಯಲ್ಲ ಮಾರಾಯ' ಅಂದರು. ಈಗ ಇಬ್ಬರ ಮನೆಯಲ್ಲೂ ನಾನು ಕೊನೆಗೆ ಆರಿಸಿ ಪ್ರಿಂಟ್ ಹೊಡೆಸಿಟ್ಟುಕೊಂಡ ಪುಸ್ತಕದ ಫೈಲಿನ ಜೆರಾಕ್ಸ್ ಇದೆ.

ಮೊದಲು ತರಿಸಿದ್ದು ಅಮೆರಿಕದ ದಪ್ಪ ಪುಸ್ತಕ. ಸುಮಾರು ಮೂರೂವರೆ ಸಾವಿರ ಬಿತ್ತು. ನುಣುಪು ಹಾಳೆ, ಬಣ್ಣದ ಚಿತ್ರ. ಹಾವಿನ ಅಧ್ಯಾಯದಲ್ಲಿ ರ‍್ಯಾಟಲ್ ಸ್ನೇಕ್, ಕೋರಲ್ ಸ್ನೇಕ್. ಕೊಳಕುಮಂಡಲದ ಹೆಸರೇ ಇಲ್ಲ. ನಮ್ಮ ರೈಟರ್ (ತೋಟದ ಲೆಕ್ಕಪತ್ರ ಬರೆಯುವವನು) ಕೈಗೆ ಕೊಟ್ಟು 'ಪ್ಯಾರಸಿಟಮಾಲ್ ಎಲ್ಲಿದೆ ನೋಡು' ಅಂದೆ. ಸೂಚಿ ಪೂರ್ತಿ ತಡಕಿದರೂ ಸಿಗಲಿಲ್ಲ. ಅವರಲ್ಲಿ ಅದು ಅಸಿಟಮಿನೋಫೆನ್. ದಮ್ಮಿನ ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್. ತೂಕವೆಲ್ಲ ಪೌಂಡಿನಲ್ಲಿ. ಅಕ್ವೇರಿಯಂ ಮೀನಿನ ಆಂಟಿಬಯೋಟಿಕ್ ಕೂಡಿಡಿ ಅಂತ ಬೇರೆ ಉಪದೇಶ! ಆ ಪುಸ್ತಕ ಈಗಲೂ ಶೋಕೇಸಿನಲ್ಲಿದೆ. ನೆಂಟರಿಗೆ ತೋರಿಸಲು ಚೆನ್ನಾಗಿದೆ.

ಆಮೇಲೆ ಬೆಂಗಳೂರಿಗೆ ಹೋದಾಗ ಅವೆನ್ಯೂ ರೋಡಿನಲ್ಲಿ ಒಂದು ಚೀಲ ಹಳೇ ಪುಸ್ತಕ ಹೊತ್ತು ತಂದೆ. ಅಗ್ಗ ಸಿಕ್ಕಿದ್ದಕ್ಕೆ ಅಷ್ಟೇ ಬೆಲೆ. ಒಂದರಲ್ಲಿ ಹಾವು ಕಚ್ಚಿದ ಜಾಗ ಬ್ಲೇಡಿನಿಂದ ಕೊಯ್ದು ಹೀರಿ ಅಂತ ಇದೆ. ಇನ್ನೊಂದರಲ್ಲಿ ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂತ. ಎರಡೂ ಈಗ ಮಾಡಲೇಬಾರದ ಕೆಲಸ. ಹೃದಯ ನಿಂತವರಿಗೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ ಅಂತ ಬರೆದಿದ್ದರೆ ಅದು 2010ಕ್ಕಿಂತ ಹಿಂದಿನದು ಅಂತ ಲೆಕ್ಕ. ಈಗ ದೊಡ್ಡವರಿಗೆ ಎದೆ ಒತ್ತುವುದೇ ಮೊದಲು, ನಿಮಿಷಕ್ಕೆ 100ರಿಂದ 120. ಚೀಲ ಪೂರ್ತಿ ರದ್ದಿಗೆ ಹೋಯಿತು. ಅಷ್ಟು ಹೊತ್ತಿಗೆ ಹತ್ತು ಸಾವಿರದ ಹತ್ತಿರ ಕೈ ಬಿಟ್ಟಿತ್ತು. ಮನೆಯವಳು ಇಂದಿಗೂ ಆ ಲೆಕ್ಕ ಮರೆತಿಲ್ಲ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಪುಸ್ತಕವನ್ನು ಮೊದಲಿಂದ ಓದುವುದೇ ಬಿಟ್ಟೆ. ನಮ್ಮ ತೋಟದಲ್ಲಿ ಆಗುವ ಅನಾಹುತ ಹಿಡಿದು ನೇರ ಆ ಪುಟಕ್ಕೆ ಹೋಗುವುದು. ಹಾವಿನ ಪುಟದಲ್ಲಿ ಕಟ್ಟಬೇಡಿ, ಕೊಯ್ಯಬೇಡಿ, ಮೂಳೆ ಮುರಿದಂತೆ ಕೈಕಾಲು ಅಲುಗದ ಹಾಗೆ ಇಟ್ಟು ಆಸ್ಪತ್ರೆಗೆ ಹೊರಡಿ ಅಂತ ಇರಬೇಕು. ನಮ್ಮ ಕಾಫಿ ಗಿಡದ ಗುಳಿಮಂಡಲಕ್ಕೆ ಇಲ್ಲಿಯ ಆಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಆಗಿಬರುವುದಿಲ್ಲ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಹಾಗಂತ ಯಾವ ಹಾವು ಅಂತ ನಾವೇ ತೀರ್ಮಾನ ಮಾಡಿ ಮನೆಯಲ್ಲಿ ಕೂರುವ ಹಾಗಿಲ್ಲ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿತು ಅನ್ನಿ. ಆ ಪುಟದ ಮೊದಲ ಸಾಲೇ 'ಮುಟ್ಟಬೇಡಿ, ಕರೆಂಟ್ ತೆಗೆಸಿ' ಅಂತ ಇರಬೇಕು, ಮೂರನೇ ಪ್ಯಾರಾದಲ್ಲಿ ಅಲ್ಲ. ಕೀಟನಾಶಕ ಮೈಮೇಲೆ ಬಿದ್ದರೆ ಬಟ್ಟೆ ತೆಗೆದು ಸೋಪು ಹಾಕಿ ತೊಳೆಯಿರಿ, ಡಬ್ಬಿಯ ಲೇಬಲ್ ಜೊತೆಗೆ ಒಯ್ಯಿರಿ ಅಂತ ಹೇಳಬೇಕು. ಎಲ್ಲದಕ್ಕಿಂತ ಮುಖ್ಯ, ಇಷ್ಟಾದರೆ ಕಾಯಬೇಡಿ, ಹೊರಡಿ ಅಂತ ಪ್ರತಿ ಕಾಯಿಲೆಗೂ ಗೆರೆ ಎಳೆದಿರಬೇಕು. ಎಲ್ಲವನ್ನೂ ಮನೆಯಲ್ಲೇ ವಾಸಿ ಮಾಡುತ್ತೇನೆ ಅನ್ನುವ ಪುಸ್ತಕ ನನಗೆ ಬೇಡ.

ಕೊನೆಗೆ ನಿಂತದ್ದು ಡೇವಿಡ್ ವರ್ನರ್ ಅವರ 'ವೇರ್ ದೇರ್ ಈಸ್ ನೋ ಡಾಕ್ಟರ್'. ಮೆಕ್ಸಿಕೋದ ಬೆಟ್ಟದ ಹಳ್ಳಿಗಳಿಗೆ ಅಂತ ಮೊದಲು ಸ್ಪ್ಯಾನಿಷ್‌ನಲ್ಲಿ ಬಂದದ್ದು, ಇಂಗ್ಲಿಷಿಗೆ 1977ರಲ್ಲಿ ಬಂತು. ವರ್ನರ್ ಡಾಕ್ಟರ್ ಅಲ್ಲ, ಜೀವಶಾಸ್ತ್ರ ಓದಿದವರು. ಭಾವನಿಗೆ ಇದನ್ನು ಎರಡು ಸಲ ಹೇಳಿದೆ! ಪ್ರಕಾಶಕರಾದ ಹೆಸ್ಪೀರಿಯನ್ ಪಿಡಿಎಫ್ ಪುಕ್ಕಟೆ ಕೊಡುತ್ತಾರೆ. ಹೊಸ ಪರಿಷ್ಕರಣೆಯನ್ನೇ ತೆಗೆದುಕೊಳ್ಳಿ. ಔಷಧಿಯ ಭಾಗ ಮೂಲದಲ್ಲಿ ಹಸಿರು ಹಾಳೆ. ಕಪ್ಪುಬಿಳುಪಿನಲ್ಲಿ ಪ್ರಿಂಟ್ ಹೊಡೆಸಿದರೆ ಆ ಗುರುತೇ ಹೋಗುತ್ತದೆ. ನಾನು ಆ ಪುಟಗಳನ್ನಷ್ಟೇ ಹಸಿರು ಕಾಗದದ ಮೇಲೆ ಹೊಡೆಸಿದೆ. ಬೈಂಡಿಂಗ್ ಸೇರಿ ಎಂಟುನೂರು ಚಿಲ್ಲರೆ. ಯಾವ ಅಂಗಡಿ ಅಂತ ಕೇಳಬೇಡಿ, ರೇಟು ಏರಿಸಿಬಿಡುತ್ತಾನೆ.

ಅದರಲ್ಲಿ ಮಂಗನ ಕಾಯಿಲೆ ಸಿಗಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಸಿಕ್ಕಿದ ಕಾಯಿಲೆ ಮೆಕ್ಸಿಕೋದವರಿಗೆ ಯಾಕೆ? ಆರೋಗ್ಯ ಇಲಾಖೆಯ ಕರಪತ್ರ ತಂದು ಅಂಟಿಸಿದೆ. ಕಾಡಿಗೆ ಹೋಗಿ ಬಂದವರಿಗೆ, ಉಣುಗು ಕಚ್ಚಿದವರಿಗೆ ಜ್ವರ ಬಂದರೆ ಆಸ್ಪಿರಿನ್ ಬೇಡ ಅಂತ ಮೇಲೆ ದಪ್ಪಗೆ ಬರೆದೆ.

ಇನ್ನೊಂದು ಪರೀಕ್ಷೆ ರಾತ್ರಿಯದು. ಲೈಟ್ ಆರಿಸಿ, ರೈಟರ್ ಕೈಗೆ ಟಾರ್ಚ್ ಕೊಟ್ಟು 'ಸುಟ್ಟ ಗಾಯ' ಅಂತ ಕೂಗುವುದು. ಒಂದು ನಿಮಿಷದಲ್ಲಿ ಪುಟ ಸಿಗಬೇಕು. ಮೊದಮೊದಲು ಸಿಗುತ್ತಲೇ ಇರಲಿಲ್ಲ. ಕಳೆ ಮಿಷನ್ ಕಾಲಿಗೆ ಬಡಿದು ರಕ್ತ ನಿಲ್ಲದಿದ್ದರೆ ಬಿಗಿಯಾಗಿ ಕಟ್ಟುವ ಚಿತ್ರ ಒಂದು ಹಾಳೆಯಲ್ಲಿತ್ತು. ಅವನು ಅದನ್ನೇ ಹಾವು ಕಚ್ಚಿದ್ದಕ್ಕೂ ತೋರಿಸಿದ. ಅದಕ್ಕೇ ಹಾವಿನ ಪುಟಕ್ಕೆ ಕೆಂಪು ಟೇಪು, ರಕ್ತದ ಪುಟಕ್ಕೆ ಹಳದಿ. ಆಮೇಲೆ ಕನ್ನಡದ ಸೂಚಿ ನಾನೇ ಬರೆದೆ, ಕಾಯಿಲೆ ಹೆಸರಲ್ಲ, ಜನ ಬಂದು ಹೇಳುವ ಮಾತಿನಲ್ಲಿ: 'ಹೊಟ್ಟೆ ತೊಳಸ್ತಿದೆ', 'ಉಸಿರು ಹಿಡೀತಿದೆ'. ನಿವೃತ್ತ ನರ್ಸ್ ಒಬ್ಬರು ತಿದ್ದಿಕೊಟ್ಟರು.

ಹಾಳೆಗೆ ಹಿಡಿಯುವ ಬೂಷ್ಟಿನ ಕಥೆ ಬೇರೆ. ಬೇವಿನ ಸೊಪ್ಪು ಇಟ್ಟೆ, ಏನೂ ಆಗಲಿಲ್ಲ. ಅಟ್ಟದ ಹೊಗೆಗೆ ಬೂಷ್ಟು ಬರಲಿಲ್ಲ, ಹಾಳೆ ಹಳದಿಯಾಗಿ ಕೆಮ್ಮು ಬರುವಷ್ಟು ವಾಸನೆ. ಬಿಸ್ಕತ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೆನ್ನಾಗಿದೆ, ಆದರೆ ಎರಡು ವಾರಕ್ಕೊಮ್ಮೆ ಕಾಯಿಸಬೇಕು. ಕೊನೆಗೆ ತುರ್ತು ಪುಟಗಳು ಮೂವತ್ತು ಚಿಲ್ಲರೆ ಮಾತ್ರ ಲ್ಯಾಮಿನೇಷನ್ ಮಾಡಿಸಿದೆ. ಕಾಗದದ ಅಂಚಿಗೇ ಕತ್ತರಿಸಿದರೆ ನೀರು ಒಳಗೆ ಇಳಿಯುತ್ತದೆ, ಅರ್ಧ ಬೆರಳು ಪ್ಲಾಸ್ಟಿಕ್ ಬಿಡಿ. ಅಂಚಿಗೆ ನಾನು ಸವರುವುದೇನು ಅನ್ನೋದು ನನ್ನ ಹತ್ತಿರವೇ ಇರಲಿ.

ಹೋದ ಜುಲೈನಲ್ಲಿ ತೋಟದ ಕೆಲಸದವರ ಲೈನ್ ಮನೆಯ ಮಗುವಿಗೆ ವಾಂತಿಭೇದಿ. ಸಂಜೆಗೇ ದಾರಿ ಬಂದ್. ರೈಟರ್ ಟಾರ್ಚಿನಲ್ಲಿ ತಾನೇ ಪುಟ ತೆಗೆದ. ಓಆರ್‌ಎಸ್ ಪ್ಯಾಕೆಟ್ ಮುಗಿದಿತ್ತು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಎದೆಹಾಲು ನಿಲ್ಲಿಸಲಿಲ್ಲ. ಕಣ್ಣು ಗುಳಿ ಬಿದ್ದಿದೆಯಾ, ಉಚ್ಚೆ ಹೋಗಿದೆಯಾ, ಹೊಟ್ಟೆಯ ಚರ್ಮ ಚಿವುಟಿದರೆ ತಕ್ಷಣ ಕೆಳಗಿಳಿಯುತ್ತಾ ಅಂತ ರಾತ್ರಿಯೆಲ್ಲ ನೋಡುತ್ತಾ ಬರೆದಿಟ್ಟ. ಬೆಳಿಗ್ಗೆ ಜೆಸಿಬಿ ಮರ ಸರಿಸಿದ ಮೇಲೆ ಜೀಪಿನಲ್ಲಿ ಕಳಸಕ್ಕೆ. ಡಾಕ್ಟರ್ ಆ ಚೀಟಿ ನೋಡಿ ಡ್ರಿಪ್ ಬೇಕಿಲ್ಲ ಅಂದರು, ಜಿಂಕ್ ಬರೆದುಕೊಟ್ಟರು.

ಭಾವ ಫೈಲ್ ಕೇಳಿದ್ದು ಆ ವಾರವೇ. ಜೆರಾಕ್ಸ್ ದುಡ್ಡು ಇನ್ನೂ ಕೊಟ್ಟಿಲ್ಲ. ಈಗ ಅದೇ ಪ್ರಕಾಶಕರ ಹಲ್ಲಿನ ಪುಸ್ತಕ ಪ್ರಿಂಟಿಗೆ ಕೊಟ್ಟಿದ್ದೇನೆ, ಕೊಯ್ಲು ಮುಗಿಯುವುದರೊಳಗೆ ಅದರ ಸೂಚಿಯೂ ಆಗಬೇಕು.