ಕುಣಿಯದ ಹೊತ್ತಿನ ನಮ್ಮವರು

ನಮ್ಮ ಸಿದ್ದಿ ಸಮುದಾಯದವರ ಫೋಟೋ ಎಂದು ಹುಡುಕಿದರೆ ಮೊದಲು ಸಿಗುವುದು ಕುಣಿತ. ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಿಳಿ ಚುಕ್ಕಿ, ತಲೆಗೆ ಗರಿ. ಉತ್ಸವದ ವೇದಿಕೆಗೆಂದು ಹಾಕಿದ ವೇಷ ಅದು. ಯಲ್ಲಾಪುರ ತಾಲ್ಲೂಕಿನ ನನ್ನೂರಲ್ಲಿ ಅಡಿಕೆ ಸುಲಿಯಲು, ನಾಟಿಗೆ, ಅಂಗನವಾಡಿ ಕೆಲಸಕ್ಕೆ ಹೋಗುವ ಯಾರೂ ಹಾಗೆ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಮದುವೆ, ಆಮೇಲೆ ಬೆಂಗಳೂರಿನಲ್ಲಿ ಕಂಪನಿಗಳ ಕಾರ್ಯಕ್ರಮ ಎಂದು ಕ್ಯಾಮೆರಾದಲ್ಲೇ ಅನ್ನ ಕಂಡುಕೊಂಡವಳು ನಾನು. ಊರಿಗೆ ಹೋಗಿ ನಮ್ಮವರನ್ನೇ ತೆಗೆಯಬೇಕು ಅನ್ನಿಸಿದಾಗ ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ: ತೆಗೆದ ಚಿತ್ರವನ್ನು ಆ ಮನೆಯವರು ತಮ್ಮ ಗೋಡೆಗೆ ಹಾಕಿಕೊಳ್ಳುವಂತಿರಬೇಕು.

ನಮ್ಮ ಪೂರ್ವಜರು ಆಫ್ರಿಕಾದ ಪೂರ್ವ ಕರಾವಳಿಯ ಕಡೆಯವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆ, ಹಾಗೆಯೇ ಧಾರವಾಡ, ಬೆಳಗಾವಿ ಜಿಲ್ಲೆಗಳ ಕಾಡಂಚಿನಲ್ಲಿ ಇದ್ದೇವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ನಮ್ಮಲ್ಲಿದ್ದಾರೆ. ಇಷ್ಟೆಲ್ಲ ಇತಿಹಾಸ ಇದ್ದರೂ ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಇದ್ದ ಫೋಟೋಗಳೆಲ್ಲ ಸರ್ಕಾರಿ ಕಾಗದಕ್ಕೆ ಅಂಟಿಸಲು ತೆಗೆಸಿದವು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಮೇಲೆ ಪ್ರಮಾಣಪತ್ರಕ್ಕಾಗಿ ಕೇರಿಯ ಎಷ್ಟೋ ಹಿರಿಯರು ಮೊದಲ ಸಲ ಸ್ಟುಡಿಯೋ ಮೆಟ್ಟಿಲು ಹತ್ತಿದ್ದರು. ನೀಲಿ ಪರದೆ, ಎದುರಿನಿಂದ ಹೊಡೆದ ಫ್ಲ್ಯಾಶ್, ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದು.

ದಾರಿ ತೋರಿಸಿದ್ದು ಗಾರ್ಡನ್ ಪಾರ್ಕ್ಸ್. ಅಮೆರಿಕದ ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್ ಎಂಬ ಊರಲ್ಲಿ 1912ರಲ್ಲಿ ಹುಟ್ಟಿದ ಕಪ್ಪು ಛಾಯಾಗ್ರಾಹಕ. ಲೈಫ್ ಪತ್ರಿಕೆಯಲ್ಲಿ ಕೆಲಸಕ್ಕಿದ್ದಾಗ, 1950ರಲ್ಲಿ, ಹುಟ್ಟೂರಿಗೆ ಮರಳಿ, ಕಪ್ಪು ಮಕ್ಕಳಿಗೆಂದೇ ಬೇರೆ ಮಾಡಿಟ್ಟ ಶಾಲೆಯಲ್ಲಿ ತನ್ನ ಜೊತೆ ಓದಿದವರನ್ನು ಒಬ್ಬೊಬ್ಬರಾಗಿ ಹುಡುಕಿದ. ಹೆಚ್ಚಿನವರು ಷಿಕಾಗೊ, ಡೆಟ್ರಾಯಿಟ್, ಸೇಂಟ್ ಲೂಯಿಸ್ ಎಂದು ಚದುರಿಹೋಗಿದ್ದರು. ಅಲ್ಲಿಗೂ ಹೋಗಿ, ಮನೆಮುಂದೆ ಸಂಸಾರದೊಡನೆ ನಿಲ್ಲಿಸಿ ತೆಗೆದ. ಪತ್ರಿಕೆ ಅದನ್ನು ಅಚ್ಚು ಮಾಡಲೇ ಇಲ್ಲ. 2015ರಲ್ಲಿ ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೊಸ್ತಿಲುಗಳು. ಬಡತನವನ್ನಾಗಲಿ ವರ್ಣಭೇದವನ್ನಾಗಲಿ ಆತ ಮುಚ್ಚಿಡಲಿಲ್ಲ, ಆದರೆ ಚಿತ್ರದಲ್ಲಿ ಮೊದಲು ಕಾಣುವುದು ತಮ್ಮ ಮನೆಯ ಮುಂದೆ ನಿಂತ ಯಜಮಾನ, ಯಜಮಾನಿ.

ನಾನೂ ಹೊಸ್ತಿಲಿನಿಂದಲೇ ಶುರು ಮಾಡಿದೆ. ಕ್ಯಾಮೆರಾ ಹೊರತೆಗೆದ ಕೂಡಲೇ ಚಿಕ್ಕಮ್ಮ ಕೇಳಿದರು, “ಬಂದವ್ರೆಲ್ಲ ಕುಣೀರಿ ಅಂತಾರೆ. ನೀನು ಏನು ಮಾಡು ಅಂತೀಯೇ ತಂಗಿ?” ಏನೂ ಮಾಡಬೇಡ, ಹೇಗೆ ನಿಲ್ಲಬೇಕು ಅನ್ನಿಸುತ್ತದೋ ಹಾಗೆ ನಿಲ್ಲು ಅಂದೆ. ಅವರು ಒಳಗೆ ಹೋಗಿ ಸೀರೆ ಬದಲಿಸಿ, ಮಗಳ ಪಿಯುಸಿ ಅಂಕಪಟ್ಟಿ ಕೈಯಲ್ಲಿ ಹಿಡಿದು ಬಂದರು. ಆಮೇಲೆ ಎಲ್ಲ ಮನೆಯಲ್ಲೂ ಅದೇ ಕ್ರಮ: ಏನು ಉಡಬೇಕು, ಏನು ಹಿಡಿಯಬೇಕು, ಪಕ್ಕದಲ್ಲಿ ಯಾರಿರಬೇಕು ಎಂಬುದು ಅವರ ತೀರ್ಮಾನ. ಬೆಳಕು ಮಾತ್ರ ನನ್ನದು.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಪ್ಪು ಮೈಬಣ್ಣವನ್ನು ಕೆಡಿಸುವುದು ಬಹಳ ಸಲ ಅರಿಯದ ಮೀಟರಿಂಗು, ಅಂದರೆ ಬೆಳಕಿನ ಅಳತೆ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದಿಗೆ, ಅಂದರೆ ಶೇ 18ರಷ್ಟು ಬೆಳಕು ಮರಳಿಸುವ ಬೂದಿಗೆ, ತರಲು ನೋಡುತ್ತದೆ. ಕಪ್ಪು ಮುಖ ಚೌಕಟ್ಟು ತುಂಬಿದರೆ ಬೆಳಕು ಹೆಚ್ಚಿಸಿ ಬೂದಿ ಬಳಿದಂತೆ ಮಾಡುತ್ತದೆ. ಹಿಂದೆ ಆಕಾಶವೋ ಸುಣ್ಣದ ಗೋಡೆಯೋ ಇದ್ದರೆ ಮುಖವನ್ನೇ ಕತ್ತಲಿಗೆ ತಳ್ಳುತ್ತದೆ. ಹಾಗಾಗಿ ಒಂದೇ ಜಾಗದ ಬೆಳಕು ಅಳೆಯುವ ಸ್ಪಾಟ್ ಮೀಟರನ್ನು ಕೆನ್ನೆಯ ಮೇಲಿಟ್ಟು ಓದಿ, ಅಲ್ಲಿಂದ ಸುಮಾರು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸುತ್ತೇನೆ. ನೇರ ಫ್ಲ್ಯಾಶ್ ಬೇಡವೇ ಬೇಡ. ಕಪ್ಪು ಚರ್ಮದ ಆಕಾರ ತಿಳಿಯುವುದು ಅದರ ಮೇಲೆ ಮಿನುಗುವ ಬೆಳಕಿನಿಂದ. ಆ ಮಿನುಗು ಅಗಲವಾಗಿ, ಮೆತ್ತಗೆ, ಪಕ್ಕದಿಂದ ಬರಬೇಕು. ಜಗಲಿಯ ನೆರಳಿನಲ್ಲಿ ನಿಲ್ಲಿಸಿ ಅಂಗಳದ ಕಡೆಗೆ ಬಿಳಿ ಪಂಚೆ ಹಿಡಿಸಿದರೆ ಸಾಕು. ಮಳೆಗಾಲದ ಮೋಡದ ಬೆಳಕಂತೂ ನಮ್ಮ ಮುಖಗಳಿಗೆಂದೇ ಮಾಡಿಸಿದ ಹಾಗಿರುತ್ತದೆ. ಜೇನುಕಂದು, ಕೆಂಪುಕಂದು, ನೀಲಿ ಬೆರೆತ ಕಪ್ಪು: ಒಂದೇ ಮನೆಯಲ್ಲಿ ಇಷ್ಟು ಬಣ್ಣ.

ಅಜ್ಜಿಯ ಚಿತ್ರ ತೆಗೆದದ್ದು ಒಳಮನೆಯಲ್ಲಿ, ಗಾಜಿನ ಹೆಂಚಿನ ಕೆಳಗೆ. ಮೇಲಿನಿಂದ ಬಿದ್ದ ಬಿಸಿಲುಕೋಲು ನೆಲದ ಮೇಲೆ ಹರಡಿದ್ದ ಕೌದಿಗೆ ತಾಗಿ, ಅಲ್ಲಿಂದ ಮೇಲೆದ್ದು ಅವರ ಗಲ್ಲಕ್ಕೆ ಬರುತ್ತಿತ್ತು. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯಲು ಕೂರುತ್ತಾರೆ. ಹಳೇ ಸೀರೆ, ಲುಂಗಿ, ಶಾಲೆಯ ಯೂನಿಫಾರ್ಮಿನ ತುಂಡುಗಳನ್ನು ಮಡಚಿ ಇಡುತ್ತಾ, ಸಣ್ಣ ಓಟದ ಹೊಲಿಗೆ ಹಾಕುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯ ಹೂವು ಕೂರಿಸದೆ ಕೆಲಸ ಮುಗಿಯುವುದಿಲ್ಲ. ಅಜ್ಜಿ ಎಡಗೈ ಹೆಬ್ಬೆರಳಲ್ಲಿ ತುಂಡನ್ನು ಒತ್ತಿ ಹಿಡಿದು, ಸೂಜಿ ಚುಚ್ಚುವ ಮೊದಲು ಉಗುರಿನಿಂದ ಮಡಿಕೆ ಗೀರುತ್ತಿದ್ದರು. “ಇದು ನಿನ್ನ ಮಾವನ ಅಂಗಿ” ಎಂದು ನೀಲಿ ಗೆರೆಯ ತುಂಡೊಂದನ್ನು ತೋರಿಸಿದರು. ಮಾವ ತೀರಿಕೊಂಡು ವರ್ಷಗಳಾಗಿವೆ, ಅವರ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ನಾನು ಮ್ಯಾಕ್ರೋ ಲೆನ್ಸ್ ಹಾಕಿ ಆ ತುಂಡು, ಆ ಉಗುರು, ಎರಡನ್ನೇ ತೆಗೆದೆ. ಇಡೀ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ ಚಿತ್ರ ಅದು.

ಪ್ರಿಂಟಿನ ಹೊತ್ತಿಗೆ ಇನ್ನೊಂದು ಜಗಳ. ಲ್ಯಾಬಿನ ಯಂತ್ರ ತಾನಾಗಿಯೇ ಮುಖ ಬೆಳ್ಳಗೆ ಮಾಡುತ್ತದೆ. ಆಪರೇಟರ್ ಕೂಡ ಉಪಕಾರ ಎಂದುಕೊಂಡೇ ಇನ್ನಷ್ಟು ತಿಳಿ ಮಾಡುತ್ತಾನೆ. ಇದರ ಬೇರು ಹಳೆಯದು: ಕೊಡಾಕ್ ಲ್ಯಾಬುಗಳಲ್ಲಿ ಬಣ್ಣ ಹೊಂದಿಸಲು ದಶಕಗಳ ಕಾಲ ಇಟ್ಟುಕೊಳ್ಳುತ್ತಿದ್ದ “ಶರ್ಲಿ ಕಾರ್ಡ್” ಮೇಲೆ ಇದ್ದದ್ದು ಬಿಳಿಯ ಹೆಂಗಸಿನ ಮುಖ. “ಕರೆಕ್ಷನ್ ಏನೂ ಮಾಡಬೇಡಿ” ಎಂದು ಬರೆದು ಕೊಟ್ಟು, ಮೊದಲ ಪ್ರಿಂಟ್ ಎದುರಿಗೇ ನೋಡಿ, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡುತ್ತೇನೆ. ಮ್ಯಾಟ್ ಕಾಗದ, ಲ್ಯಾಮಿನೇಶನ್ ಕಡ್ಡಾಯ. ನಮ್ಮ ಕಡೆಯ ಥಂಡಿಗೆ ಲ್ಯಾಮಿನೇಶನ್ ಇಲ್ಲದ ಪ್ರಿಂಟ್ ಎರಡು ಮಳೆಗಾಲ ಬಾಳುವುದಿಲ್ಲ.

ಪ್ರಿಂಟ್ ಮೊದಲು ಹೋಗುವುದು ಮನೆಗೆ. ಬೇಡ ಎಂದರೆ ಆ ಚಿತ್ರ ಅಲ್ಲಿಗೇ ಮುಗಿಯಿತು, ಎಷ್ಟೇ ಚೆನ್ನಾಗಿರಲಿ. ಒಬ್ಬ ಅಣ್ಣ ಮೆಟಗತ್ತಿಯ ಮುಂದೆ ಅಡಿಕೆ ಸುಲಿಯುತ್ತಾ ಕೂತ ಚಿತ್ರ ವಾಪಸ್ ಕೊಟ್ಟು, “ಇದು ಇನ್ನೊಬ್ಬರ ಮನೆ ಕೊಟ್ಟಿಗೆ, ನನ್ನ ಮಕ್ಕಳು ಇದನ್ನ ಯಾಕೆ ನೋಡಬೇಕು?” ಅಂದ. ತನ್ನದೇ ಗದ್ದೆಯಂಚಿನಲ್ಲಿ ತೆಗೆಸಿಕೊಂಡ. ಆ ಗದ್ದೆಗೆ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಯ ಪ್ರತಿಯನ್ನೂ ಕೈಯಲ್ಲಿ ಹಿಡಿದಿದ್ದಾನೆ. ಮುಸ್ಲಿಂ ಮನೆಯ ಅಕ್ಕನೊಬ್ಬಳು ಗೋಡೆಗೆ ಹಾಕುವುದಿಲ್ಲ, ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದಳು. ಅದೂ ನನ್ನ ಷರತ್ತಿನ ಲೆಕ್ಕಕ್ಕೇ ಬಂತು.

ಡಮಾಮಿ ಎಂಬ ನಮ್ಮ ವಾದ್ಯದ ಕುಣಿತವನ್ನು ಬಿಟ್ಟೆನೇ? ಇಲ್ಲ. ಅದು ನಮ್ಮ ಹೆಮ್ಮೆ, ಯಾರೋ ತಪ್ಪಾಗಿ ತೋರಿಸಿದರು ಎಂದು ಬಿಟ್ಟುಕೊಡುವಂಥದ್ದಲ್ಲ. ಆದರೆ ವೇದಿಕೆಯಲ್ಲಿ ತೆಗೆಯಲಿಲ್ಲ. ಮನೆಯಂಗಳದಲ್ಲಿ, ರಾತ್ರಿ, ಕೂಲಿ ಮುಗಿಸಿ ಬಂದ ಹೆಂಗಸರು ನೈಟಿಯಲ್ಲೇ ಸೇರಿಕೊಂಡಾಗ ತೆಗೆದೆ. ಒಂದೇ ಬಲ್ಬು, ಕಡಿಮೆ ಬೆಳಕಿಗೆಂದು ಏರಿಸಿದ ಐಎಸ್‌ಒ 6400, ಕಾಳು ಕಾಳಾದ ಚಿತ್ರ. ಕ್ಯಾಮೆರಾ ಕಡೆ ಒಬ್ಬರೂ ನೋಡುತ್ತಿಲ್ಲ.

ಹಳೆಯ ಚಿತ್ರಗಳ ಕೆಳಗೆ “ಸಿದ್ದಿ ಮಹಿಳೆ” ಎಂದಷ್ಟೇ ಬರೆದಿರುವುದನ್ನು ನೋಡಿ ನೋಡಿ ಬೇಸತ್ತಿದ್ದೇನೆ. ನನ್ನ ಪ್ರತಿ ಪ್ರಿಂಟಿನ ಹಿಂದೆ ಅವರವರು ಹೇಳಿದಂತೆ ಹೆಸರು, ತಾಯಿಯ ಹೆಸರು, ಕೇರಿ, ಮಾಡುವ ಕೆಲಸ ಬರೆಯುತ್ತೇನೆ. ಹೊರಗೆ ಪ್ರದರ್ಶಿಸುವಾಗ ಹೆಸರು ಬೇಕೋ ಬೇಡವೋ ಎಂದು ಮತ್ತೆ ಕೇಳುತ್ತೇನೆ. ಈಗ ಪಟ್ಟಿಯಲ್ಲಿ ಉಳಿದವರು ನನ್ನ ಜೊತೆ ಓದಿ ಊರು ಬಿಟ್ಟವರು. ಗೋವಾದ ಹೋಟೆಲುಗಳಲ್ಲಿ, ಬೆಂಗಳೂರಿನ ಸೆಕ್ಯುರಿಟಿ ಕೆಲಸದಲ್ಲಿ, ಹುಬ್ಬಳ್ಳಿಯ ನರ್ಸಿಂಗ್ ಹಾಸ್ಟೆಲಿನಲ್ಲಿ ಇದ್ದಾರೆ. ರಾತ್ರಿ ಪಾಳಿಯ ಗೆಳತಿಯೊಬ್ಬಳು, ಬೆಳಗ್ಗೆ ಡ್ಯೂಟಿ ಮುಗಿದ ಕೂಡಲೇ ಬಾ, ಬಾಡಿಗೆ ಮನೆಯ ಬಾಗಿಲಿಗೆ ಎಂಟರವರೆಗೆ ಬಿಸಿಲಿರುತ್ತದೆ ಎಂದಿದ್ದಾಳೆ.